ಹೆಲಿಕಾಪ್ಟರ್ ಹುಡುಗನೂ ಅವನ ತರಗತಿಯೂ

ಷಿಕಾಗೋ ವಿಶ್ವವಿದ್ಯಾಲಯದ ಲ್ಯಾಬೊರೇಟರಿ ಶಾಲೆಯಲ್ಲಿ ಪುಟ್ಟ ಮಕ್ಕಳಿಗೆ ಕಲಿಸುತ್ತಿದ್ದ ವಿವಿಯನ್ ಗಸಿನ್ ಪೇಲಿ 1990ರಲ್ಲಿ ಪ್ರಕಟಿಸಿದ ಪುಸ್ತಕವೊಂದರ ನಾಯಕ, ತಾನು ಹೆಲಿಕಾಪ್ಟರ್ ಎಂದುಕೊಂಡ ಒಬ್ಬ ಹುಡುಗ. ಪುಸ್ತಕದಲ್ಲಿ ಅವನಿಗೆ ಜೇಸನ್ ಎಂದು ಹೆಸರು. ಉಳಿದವರು ಮನೆಯಾಟವನ್ನೋ ಅಳಿಲಿನಾಟವನ್ನೋ ಆಡುತ್ತಿದ್ದರೆ ಇವನು ತನ್ನ ಹೆಲಿಕಾಪ್ಟರ್ ಹಿಡಿದು ಒಬ್ಬನೇ ಕೂತಿರುತ್ತಾನೆ. ಏನು ಕೇಳಿದರೂ ಅದರ ರೆಕ್ಕೆ ಮುರಿದಿದೆ, ಸರಿ ಮಾಡಬೇಕು ಎಂಬ ಮಾತೇ ಬರುತ್ತದೆ. ಆಗೀಗ ಜೋರಾಗಿ ಸದ್ದು ಮಾಡುತ್ತ ಬೇರೆಯವರ ಆಟದೊಳಕ್ಕೆ ನುಗ್ಗಿ ಅದನ್ನು ಕೆಡಿಸುತ್ತಾನೆ. ಇಂಥ ಮಗುವನ್ನು ಕಾಣದ ಶಿಕ್ಷಕರು ಎಲ್ಲಿಯೂ ವಿರಳ. ನಮ್ಮ ಶಾಲೆಗಳಲ್ಲಿ ಅದಕ್ಕೆ ‘ಬುರುಡೆ ಬಿಡ್ತಾನೆ’, ‘ಸದಾ ಯಾವುದೋ ಲೋಕದಲ್ಲಿರ್ತಾಳೆ’ ಎಂಬ ಹೆಸರು ಬಹಳ ಬೇಗ ಅಂಟಿಕೊಳ್ಳುತ್ತದೆ. ಹಿರಿಯರಾದ ನಮಗೆ ಆಗ ಎರಡು ದಾರಿ ಹೊಳೆಯುತ್ತವೆ. ಒಂದು, ಮಗುವಿನ ಕಲ್ಪನೆಯನ್ನು ತಿದ್ದಿ ನೆಲಕ್ಕಿಳಿಸುವುದು. ಇನ್ನೊಂದು, ‘ಪಾಪ, ಅವನ ಜೊತೆ ಚೆನ್ನಾಗಿರಿ’ ಎಂದು ಉಳಿದವರಿಗೆ ಬುದ್ಧಿ ಹೇಳುವುದು. ಎರಡೂ ದಾರಿಗಳಲ್ಲಿ ತರಗತಿ ಇದ್ದ ಹಾಗೆಯೇ ಉಳಿಯುತ್ತದೆ ಎಂಬುದು ನನ್ನ ತಕರಾರು. ಮಕ್ಕಳ ಬೆಳವಣಿಗೆಯ ಬಗ್ಗೆ ಕಳೆದ ನಾಲ್ಕು ದಶಕಗಳಲ್ಲಿ ಸಿಕ್ಕ ಪುರಾವೆಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಮೂರನೆಯ ದಾರಿಯೊಂದು ಕಾಣುತ್ತದೆ. ಕಲ್ಪನೆಯಲ್ಲಿ ಮುಳುಗಿದ ಸಹಪಾಠಿಯ ಮೇಲೆ ಮಕ್ಕಳಿಗೆ ಅಂತಃಕರಣ ಹುಟ್ಟುವುದು ಆ ಮಗುವಿನ ಕಥೆಯೊಳಗೆ ಅವರಿಗೂ ಒಂದು ಕೆಲಸ ಸಿಕ್ಕಾಗ. ಹಾಗೆ ಕೆಲಸ ಸಿಗುವಂತೆ ತರಗತಿಯ ದಿನಚರಿಯನ್ನು ಕಟ್ಟುವುದು ಶಿಕ್ಷಕರ ಹೊಣೆ. ಅದನ್ನು ಮಕ್ಕಳ ಒಳ್ಳೆಯತನಕ್ಕೆ ಬಿಟ್ಟು ಕೂರಲಾಗದು.

ಮೊದಲಿಗೆ ಈ ಮಗು ಯಾರು ಎಂಬುದು ತಿಳಿಯಾಗಬೇಕು. ಒರೆಗಾನ್ ವಿಶ್ವವಿದ್ಯಾಲಯದ ಮನೋವಿಜ್ಞಾನಿ ಮಾರ್ಜೊರಿ ಟೇಲರ್ ಇಡೀ ವೃತ್ತಿಜೀವನವನ್ನೇ ಮಕ್ಕಳ ಕಾಲ್ಪನಿಕ ಗೆಳೆಯರ ಅಧ್ಯಯನಕ್ಕೆ ಕೊಟ್ಟವರು. ಅವರು ಸ್ಟೆಫನಿ ಕಾರ್ಲ್‌ಸನ್ ಮತ್ತಿತರರೊಡನೆ 2004ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಏಳು ವರ್ಷ ತುಂಬುವಷ್ಟರಲ್ಲಿ ಸುಮಾರು ಶೇ. 65ರಷ್ಟು ಮಕ್ಕಳಿಗೆ ಒಂದಲ್ಲ ಒಂದು ಘಟ್ಟದಲ್ಲಿ ಕಾಲ್ಪನಿಕ ಗೆಳೆಯರು ಇದ್ದರು. ಗೊಂಬೆಗೆ ಜೀವ ಕೊಟ್ಟು ಅದರೊಡನೆ ಮಾತಾಡುವುದೂ ಈ ಲೆಕ್ಕದಲ್ಲಿ ಸೇರಿದೆ. ಹಾಗಿದ್ದರೂ ಇದು ಅಪರೂಪದ ವಿಕಾರವಲ್ಲ, ಬಾಲ್ಯದ ಸಾಮಾನ್ಯ ನಡೆ ಎನ್ನಲು ಅಷ್ಟು ಸಾಕು. ಅದಕ್ಕೂ ಮೊದಲು, 1997ರಲ್ಲಿ, ಅವರಿಬ್ಬರೇ ಮೂರು-ನಾಲ್ಕು ವರ್ಷದ ಮಕ್ಕಳಲ್ಲಿ ಇನ್ನೊಂದು ಸಂಗತಿಯನ್ನು ಕಂಡಿದ್ದರು. ಕಲ್ಪನೆಯ ಆಟದಲ್ಲಿ ಹೆಚ್ಚು ತೊಡಗುವ ಮಕ್ಕಳು ಬೇರೆಯವರ ಮನಸ್ಸಿನಲ್ಲಿ ಏನಿದೆ ಎಂದು ಊಹಿಸುವ ಪರೀಕ್ಷೆಗಳಲ್ಲಿ ತುಸು ಮುಂದೆ ಇದ್ದರು. ಇನ್ನು ‘ಸುಳ್ಳು ಹೇಳುತ್ತಾನೆ’ ಎಂಬ ದೂರು. ಟೇಲರ್ ಸಂದರ್ಶಿಸಿದ ಮಕ್ಕಳಲ್ಲಿ ಅನೇಕರು ಮಾತಿನ ನಡುವೆ ತಾವಾಗಿಯೇ ‘ಇದು ಸುಮ್ಮನೆ ಆಟ, ಗೊತ್ತಲ್ಲ’ ಎಂಬರ್ಥದಲ್ಲಿ ಸಂಶೋಧಕರನ್ನೇ ಎಚ್ಚರಿಸಿದ್ದಾರೆ. ಸುಳ್ಳು ಹೇಳುವವನಿಗೆ ಕೇಳುವವನು ನಂಬಬೇಕು. ಆಟ ಕಟ್ಟುವ ಮಗುವಿಗೆ ಕೇಳುವವನು ಸೇರಿಕೊಳ್ಳಬೇಕು. ಮಗುವಿನ ಮಾತನ್ನು ಸತ್ಯ-ಸುಳ್ಳಿನ ತಕ್ಕಡಿಗೆ ಹಾಕಿದ ಕೂಡಲೇ ಆ ಕರೆ ಕೇಳಿಸದೇ ಹೋಗುತ್ತದೆ.

ಕರೆ ಎಂಬ ಮಾತನ್ನು ಹಗುರವಾಗಿ ಆಡಿಲ್ಲ. ಜರ್ಮನಿಯ ಸಂಶೋಧಕ ಹಾನೆಸ್ ರಾಕೊಟ್ಸಿ ಮೂರು ವರ್ಷದ ಮಕ್ಕಳ ಜೊತೆ ಮಾಡಿದ ಪ್ರಯೋಗಗಳಲ್ಲಿ ಮಕ್ಕಳೂ ದೊಡ್ಡವರೂ ಸೇರಿ ಒಂದು ಹುಸಿಯಾಟ ಕಟ್ಟುತ್ತಾರೆ. ಆಮೇಲೆ ಒಂದು ಗೊಂಬೆ ಬಂದು ಆಟದ ಒಪ್ಪಂದ ಮೀರಿ ನಡೆಯುತ್ತದೆ. ಮಕ್ಕಳು ತಕ್ಷಣ ‘ಹಾಗಲ್ಲ’ ಎಂದು ಆಕ್ಷೇಪಿಸುತ್ತಾರೆ. ಆ ವಯಸ್ಸಿಗೇ ಹುಸಿಯಾಟ ಅವರಿಗೆ ಕೂಡಿ ಪಾಲಿಸಬೇಕಾದ ಕಟ್ಟುಪಾಡು. ಪಾಲ್ ಹ್ಯಾರಿಸ್ ಮತ್ತು ರಾಬರ್ಟ್ ಕಾವನಾ ಅವರ ಪ್ರಯೋಗಗಳೂ ಇದನ್ನೇ ಬೇರೆ ಕಡೆಯಿಂದ ತೋರಿಸಿದವು. ಇಲ್ಲದ ಚಹಾ ಚೆಲ್ಲಿದರೆ ಯಾವ ಗೊಂಬೆ ಒದ್ದೆಯಾಯಿತು ಎಂದು ಪುಟ್ಟ ಮಕ್ಕಳು ತಡವರಿಸದೆ ಹೇಳುತ್ತಾರೆ. ಇಬ್ಬರು ಮಕ್ಕಳು ಒಂದೇ ಇಲ್ಲದ ವಸ್ತುವನ್ನು ನೋಡುತ್ತ, ಅದಕ್ಕೆ ಒಂದೇ ಬಗೆಯಲ್ಲಿ ಸ್ಪಂದಿಸುತ್ತ ನಡೆಯಬೇಕಾದರೆ ಒಬ್ಬರ ಮನಸ್ಸನ್ನು ಇನ್ನೊಬ್ಬರು ಎಡೆಬಿಡದೆ ಗಮನಿಸುತ್ತಿರಬೇಕು. ಬೇರೆ ಯಾವ ಪಾಠವೂ ಮಕ್ಕಳಿಂದ ಇಷ್ಟು ಗಮನ ಬೇಡುವುದಿಲ್ಲ.

ಪೇಲಿಯ ತರಗತಿಗೆ ಬರೋಣ. ಜಾನ್ ಡ್ಯೂಯಿ 1896ರಲ್ಲಿ ಸ್ಥಾಪಿಸಿದ ಶಾಲೆ ಅದು. ಒಟ್ಟು 37 ವರ್ಷ ಪಾಠ ಹೇಳಿದ ಪೇಲಿ ಅದರಲ್ಲಿ ಹೆಚ್ಚಿನ ಕಾಲವನ್ನು ಅಲ್ಲಿಯೇ ಕಳೆದರು. ತರಗತಿಯಲ್ಲಿ ಟೇಪ್ ರೆಕಾರ್ಡರ್ ಇಟ್ಟು, ಮಕ್ಕಳ ಮಾತನ್ನು ಬರೆದಿಟ್ಟುಕೊಂಡು, ತಾನು ಎಲ್ಲಿ ಅವಸರಪಟ್ಟೆ, ಎಲ್ಲಿ ಕೇಳಿಸಿಕೊಳ್ಳಲಿಲ್ಲ ಎಂದು ತನ್ನನ್ನೇ ವಿಚಾರಿಸಿಕೊಳ್ಳುವುದು ಅವರ ರೂಢಿ. 1989ರಲ್ಲಿ ಅವರಿಗೆ ಮ್ಯಾಕ್‌ಆರ್ಥರ್ ಫೆಲೋಶಿಪ್ ಬಂದಾಗ, ಶಿಶುವಿಹಾರದ ಶಿಕ್ಷಕಿಯ ದಿನಚರಿಯೂ ಚಿಂತನೆಯೇ ಎಂದು ಜಗತ್ತು ಒಪ್ಪಿದಂತಾಯಿತು. ಅವರ ವಿಧಾನ ಸರಳ. ಬೆಳಗ್ಗೆ ಮಗು ಬಂದು ತನ್ನ ಕಥೆ ಹೇಳುತ್ತದೆ. ಶಿಕ್ಷಕಿ ಅದನ್ನು ಹೇಳಿದ ಹಾಗೆಯೇ, ವ್ಯಾಕರಣ ತಿದ್ದದೆ, ಬರೆದುಕೊಳ್ಳುತ್ತಾರೆ. ಅದೇ ದಿನ ಎಲ್ಲರೂ ಸುತ್ತ ಕೂತು, ನಡುವಿನ ಜಾಗವನ್ನೇ ರಂಗವಾಗಿಸಿ, ಆ ಕಥೆಯನ್ನು ಆಡುತ್ತಾರೆ. ನಾಲ್ಕು ಸಾಲಿನ ಕಥೆಯಾದರೂ ಸರಿ. ಇಲ್ಲಿ ನಡೆಯುವುದನ್ನು ಸೂಕ್ಷ್ಮವಾಗಿ ನೋಡಬೇಕು. ಅಳಿಲಿನ ಕಥೆ ಹೇಳಿದವನ ಕಥೆಯಲ್ಲಿ ಅಳಿಲಾಗಬೇಕಾದವನು, ಆ ಅಳಿಲು ಹೆದರಿದೆಯೋ ನಿದ್ದೆ ಮಾಡುತ್ತಿದೆಯೋ ಎಂದು ಕಥೆ ಹೇಳಿದವನನ್ನೇ ಕೇಳಬೇಕಾಗುತ್ತದೆ. ಇನ್ನೊಬ್ಬರ ಒಳಗನ್ನು ತಿಳಿಯುವ ಕೆಲಸ ಇಲ್ಲಿ ಉಪದೇಶವಾಗಿ ಬರದೆ ಅಗತ್ಯವಾಗಿ ಬರುತ್ತದೆ.

ಜೇಸನ್‌ನ ವಿಷಯದಲ್ಲಿ ಇದು ಸುಲಭವಾಗಿ ಫಲ ಕೊಡಲಿಲ್ಲ, ಪುಸ್ತಕದ ಸತ್ವ ಇರುವುದೂ ಅಲ್ಲಿಯೇ. ಅವನು ಬಹುಕಾಲ ಕಥೆ ಹೇಳಲೇ ಇಲ್ಲ. ಬೇರೆಯವರ ಕಥೆ ಆಡುವಾಗ ತನ್ನ ಹೆಲಿಕಾಪ್ಟರ್ ಸಮೇತ ರಂಗಕ್ಕೆ ನುಗ್ಗಿದ. ಕಥೆಯಲ್ಲಿ ಇಲ್ಲದವರು ರಂಗಕ್ಕೆ ಬರುವಂತಿಲ್ಲ ಎಂಬ ಕಟ್ಟಳೆಯನ್ನು ಶಿಕ್ಷಕಿ ಸಡಿಲಿಸಲಿಲ್ಲ. ಅದೇ ಹೊತ್ತಿಗೆ, ನಿನ್ನ ಕಥೆಯಲ್ಲಿ ಹೆಲಿಕಾಪ್ಟರ್ ಉಂಟೆ ಎಂದು ಕಥೆಯ ಒಡೆಯನನ್ನು ಕೇಳುವ ಸಾಧ್ಯತೆ ತೆರೆದುಕೊಂಡಿತು. ಇಲ್ಲ ಎನ್ನುವ ಹಕ್ಕು ಆ ಮಗುವಿಗೆ ಇತ್ತು, ಸೇರಿಸಿಕೊಳ್ಳುವ ಅವಕಾಶವೂ ಇತ್ತು. ಬರಬರುತ್ತ ಉಳಿದ ಮಕ್ಕಳು ತಮ್ಮ ಕಥೆಗಳಲ್ಲಿ ಹೆಲಿಕಾಪ್ಟರಿಗೆ ಜಾಗ ಮಾಡಿಕೊಡತೊಡಗಿದರು. ಅವನನ್ನು ಮಾತಿಗೆಳೆಯಬೇಕಾದರೆ ಹೆಲಿಕಾಪ್ಟರಿನ ಭಾಷೆಯಲ್ಲೇ ಆರಂಭಿಸಬೇಕು ಎಂಬುದನ್ನು ಶಿಕ್ಷಕಿಗಿಂತ ಮೊದಲು ಕಲಿತವರು ಮಕ್ಕಳು. ಅವರಲ್ಲಿ ಯಾರೂ ಅವನನ್ನು ‘ಪಾಪ’ ಎನ್ನಲಿಲ್ಲ. ಅವನ ರೆಕ್ಕೆ ಮುರಿದ ಹೆಲಿಕಾಪ್ಟರನ್ನು ಕಥೆಯ ಒಂದು ಸಂಗತಿಯಾಗಿ ತೆಗೆದುಕೊಂಡರು. ಕನಿಕರಕ್ಕೂ ಇದಕ್ಕೂ ಬಹಳ ಅಂತರವಿದೆ. ಕನಿಕರ ತೋರುವವನು ಮೇಲೆ ನಿಂತಿರುತ್ತಾನೆ. ಕಥೆಯಲ್ಲಿ ಜಾಗ ಕೊಡುವವನಿಗೆ ಆ ಹೆಲಿಕಾಪ್ಟರ್ ಬಂದು ಇಳಿಯಲೇಬೇಕು, ಇಲ್ಲವಾದರೆ ಅವನ ಕಥೆಯೂ ಮುಂದೆ ಹೋಗುವುದಿಲ್ಲ.

ಒಬ್ಬ ಶಿಕ್ಷಕಿಯ ಅನುಭವವನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದು ನ್ಯಾಯವಾದ ಪ್ರಶ್ನೆ. ಪೇಲಿ ಸಂಶೋಧನೆಯ ಅರ್ಥದಲ್ಲಿ ಯಾವುದನ್ನೂ ಅಳೆದವರಲ್ಲ. ಅವರ ಶಾಲೆ ಒಂದು ದೊಡ್ಡ ವಿಶ್ವವಿದ್ಯಾಲಯದ ನೆರಳಲ್ಲಿದ್ದ, ಅನುಕೂಲವಂತರ ಮಕ್ಕಳೇ ಹೆಚ್ಚಾಗಿದ್ದ ಶಾಲೆ. ಆದರೆ ಅವರ ಕಥೆ ಹೇಳಿಸಿ ಆಡಿಸುವ ವಿಧಾನ ಅಲ್ಲಿಗೇ ನಿಲ್ಲಲಿಲ್ಲ. ಲೀಹೈ ವಿಶ್ವವಿದ್ಯಾಲಯದ ಅಗೆಲಿಕಿ ನಿಕೊಲೊಪೊಲು ಮತ್ತು ಸಂಗಡಿಗರು ಅದನ್ನು ಬಡ ಕುಟುಂಬಗಳ ಮಕ್ಕಳಿರುವ ಶಾಲಾಪೂರ್ವ ತರಗತಿಗಳಲ್ಲಿ ನಡೆಸಿ, ಬೇರೆ ತರಗತಿಗಳೊಡನೆ ಹೋಲಿಸಿ, 2015ರಲ್ಲಿ ಫಲಿತಾಂಶ ಪ್ರಕಟಿಸಿದರು. ಕಥೆಯನ್ನು ಅರ್ಥಮಾಡಿಕೊಳ್ಳುವ ಶಕ್ತಿ, ಕಲ್ಪನೆಯ ಆಟ, ಸ್ವನಿಯಂತ್ರಣ ಇವುಗಳಲ್ಲಿ ಲಾಭ ಕಂಡಿತು, ಆಟ ಕೆಡಿಸುವ ನಡವಳಿಕೆ ತಗ್ಗಿತು. ಬಾಸ್ಟನ್ನಿನ ಸರ್ಕಾರಿ ಶಾಲೆಗಳು ಈ ವಿಧಾನವನ್ನು ತಮ್ಮ ಶಿಶುತರಗತಿಗಳಿಗೆ ತಂದುಕೊಂಡವು. ಲಂಡನ್ನಿನಲ್ಲಿ ಟ್ರಿಶಾ ಲೀ ಅವರ ಮೇಕ್‌ಬಿಲೀವ್ ಆರ್ಟ್ಸ್ ಸಂಸ್ಥೆ ಜೇಸನ್‌ನ ನೆನಪಿನಲ್ಲಿ ಇದಕ್ಕೆ ‘ಹೆಲಿಕಾಪ್ಟರ್ ಕಥೆಗಳು’ ಎಂದೇ ಹೆಸರಿಟ್ಟು ಹಬ್ಬಿಸಿತು.

ಆದರೂ ಕಲ್ಪನೆಯ ಆಟವೇ ಕರುಣೆಯನ್ನು ಹುಟ್ಟಿಸುತ್ತದೆ ಎಂದು ಹೇಳಿಬಿಟ್ಟರೆ ಪುರಾವೆಯನ್ನು ಮೀರಿದಂತೆ. ಆಂಜಲೀನ್ ಲಿಲಾರ್ಡ್ ಮತ್ತು ಸಂಗಡಿಗರು 2013ರಲ್ಲಿ ಹುಸಿಯಾಟದ ಮೇಲಿನ ದಶಕಗಳ ಅಧ್ಯಯನಗಳನ್ನೆಲ್ಲ ಸಾಣೆ ಹಿಡಿದು ನೋಡಿ, ಹುಸಿಯಾಟವೇ ಬೆಳವಣಿಗೆಗೆ ಕಾರಣ ಎಂಬ ದೊಡ್ಡ ಮಾತಿಗೆ ತಕ್ಕ ಆಧಾರವಿಲ್ಲ ಎಂದರು. ಕೆಲವು ಲಾಭಗಳಿಗೆ ಆಟದ ಜೊತೆಗಿದ್ದ ಹಿರಿಯರ ಗಮನ, ಮಾತುಕತೆಗಳೂ ಕಾರಣವಿರಬಹುದು ಎಂದು ತೋರಿಸಿದರು. ಥಾಲಿಯಾ ಗೋಲ್ಡ್‌ಸ್ಟೈನ್ ಮತ್ತು ಎಲೆನ್ ವಿನ್ನರ್ 2012ರಲ್ಲಿ, ಒಂದು ವರ್ಷ ನಟನೆ ಕಲಿತ ಮಕ್ಕಳಲ್ಲಿ ಸಹಾನುಭೂತಿಯ ಅಂಕ ಏರಿದ್ದನ್ನು ಕಂಡರು. ಆದರೆ ಗೋಲ್ಡ್‌ಸ್ಟೈನ್ ಅವರೇ 2018ರಲ್ಲಿ ಪುಟ್ಟ ಮಕ್ಕಳ ನಾಟಕದಾಟದ ಬಗ್ಗೆ ಮ್ಯಾಥ್ಯೂ ಲರ್ನರ್ ಜೊತೆ ಪ್ರಕಟಿಸಿದ ಅಧ್ಯಯನದಲ್ಲಿ ಎದ್ದು ಕಂಡ ಲಾಭ ಭಾವನೆಗಳ ನಿಯಂತ್ರಣದಲ್ಲಿ ಮಾತ್ರ: ಇನ್ನೊಬ್ಬರ ಸಂಕಟ ಕಂಡಾಗ ತಾನೇ ಕಂಗೆಡದೆ ಇರುವ ಶಕ್ತಿ. ಇದನ್ನು ಸಣ್ಣದೆಂದು ನಾನು ಎಣಿಸಲಾರೆ. ಜೊತೆಗಾರ ವಿಚಿತ್ರವಾಗಿ ಕೂಗಿದಾಗ ಹೆದರಿ ದೂರ ಸರಿಯದೆ ಇರುವುದೇ ಅನೇಕ ಮಕ್ಕಳಿಗೆ ಮೊದಲ ಮೆಟ್ಟಿಲು. ಲಿಲಾರ್ಡ್ ಅವರ ವಿಮರ್ಶೆಯನ್ನು ನಾನು ಪೂರ್ತಿಯಾಗಿ ಒಪ್ಪುತ್ತೇನೆ. ಅದರಿಂದ ನನ್ನ ವಾದಕ್ಕೆ ಬಲವೇ ಬರುತ್ತದೆ. ಆಟ ತನ್ನಷ್ಟಕ್ಕೆ ಕರುಣೆ ಕಲಿಸದು. ಕಲಿಸುವುದು ಆಟದ ಸುತ್ತ ಕಟ್ಟಿದ ಏರ್ಪಾಡು, ಅಂದರೆ ಯಾರ ಕಥೆ, ಯಾರ ಸರದಿ, ಯಾರು ಕೇಳಿಸಿಕೊಳ್ಳಬೇಕು ಎಂಬ ಒಪ್ಪಂದ.

ಏರ್ಪಾಡಿನ ಮೇಲೆ ಇಷ್ಟು ಒತ್ತು ಕೊಡಲು ಇನ್ನೊಂದು ಕಾರಣವಿದೆ. ಇನ್ನೊಬ್ಬರ ಮನಸ್ಸು ಬಲ್ಲವರೆಲ್ಲ ಕರುಣಾಳುಗಳಲ್ಲ. ಜಾನ್ ಸಟನ್, ಪೀಟರ್ ಸ್ಮಿತ್ ಮತ್ತು ಜಾನ್ ಸ್ವೆಟನ್‌ಹ್ಯಾಮ್ 1999ರಲ್ಲಿ ಇಂಗ್ಲೆಂಡಿನ 7ರಿಂದ 10 ವರ್ಷದ ಮಕ್ಕಳನ್ನು ಪರೀಕ್ಷಿಸಿದಾಗ, ಇತರರನ್ನು ಪೀಡಿಸುವ ಗುಂಪಿನ ಮುಂದಾಳುಗಳು ಬೇರೆಯವರ ಮನಸ್ಸನ್ನು ಓದುವ ಪರೀಕ್ಷೆಯಲ್ಲಿ ಹಿಂದೆ ಬೀಳಲಿಲ್ಲ. ಅವರ ಹಿಂಬಾಲಕರಿಗಿಂತಲೂ ಪೀಡನೆಗೊಳಗಾದವರಿಗಿಂತಲೂ ಮುಂದೆ ಇದ್ದರು. ಕಲ್ಪನಾಶೀಲ ಮಗುವನ್ನು ಎಲ್ಲಿ ಚುಚ್ಚಿದರೆ ನೋಯುತ್ತದೆ ಎಂದು ಚೆನ್ನಾಗಿ ಬಲ್ಲವನು, ಅದರ ಕಾಲ್ಪನಿಕ ಗೆಳೆಯನ ಹೆಸರನ್ನೇ ಎಲ್ಲರೆದುರು ಕೂಗಿ ಅಣಕಿಸಬಲ್ಲ. ಹಾಗಾಗಿ ‘ಅವನ ಜಾಗದಲ್ಲಿ ನಿಂತು ಯೋಚಿಸು’ ಎಂಬ ಪಾಠವೊಂದೇ ಸಾಲದು. ಆ ಪಾಠ ಮುಂದಾಳಿಗೆ ಆಗಲೇ ಬಾಯಿಪಾಠ.

ಹಾಗಾದರೆ ಯಾರ ನಡೆ ಬದಲಾಗಬೇಕು? ಫಿನ್‌ಲೆಂಡಿನ ಕ್ರಿಸ್ಟಿನಾ ಸಾಲ್ಮಿವಾಲಿ ಮತ್ತು ಸಹೋದ್ಯೋಗಿಗಳು 1996ರಲ್ಲಿ, ಪೀಡನೆ ಎಂಬುದು ಇಬ್ಬರ ನಡುವಿನ ಜಗಳವಲ್ಲ, ಇಡೀ ತರಗತಿಯ ಘಟನೆ ಎಂದು ತೋರಿಸಿದರು. ಪೀಡಿಸುವವನಿಗೆ ಕೈಜೋಡಿಸುವವರು, ನಕ್ಕು ಹುರಿದುಂಬಿಸುವವರು, ಕಂಡೂ ಕಾಣದಂತೆ ಸರಿದುಹೋಗುವವರು, ಎದ್ದು ಕಾಪಾಡುವವರು, ಹೀಗೆ ಪ್ರತಿ ಮಗುವಿಗೂ ಅಲ್ಲೊಂದು ಪಾತ್ರ. ಕೆನಡಾದ ಡೆಬ್ರಾ ಪೆಪ್ಲರ್ ಮತ್ತು ಸಂಗಡಿಗರು ಟೊರಾಂಟೊ ಶಾಲೆಗಳ ಆಟದ ಬಯಲುಗಳಲ್ಲಿ ತೆಗೆದ ವಿಡಿಯೊಗಳ ವಿಶ್ಲೇಷಣೆ 2001ರಲ್ಲಿ ಹೊರಬಂತು. ಪೀಡನೆಯ ಪ್ರಸಂಗಗಳಲ್ಲಿ ಶೇ. 88ರಷ್ಟು ಸಲ ಬೇರೆ ಮಕ್ಕಳು ಹತ್ತಿರವೇ ಇದ್ದರು, ನಡುವೆ ಪ್ರವೇಶಿಸಿದ್ದು ಶೇ. 19ರಷ್ಟು ಸಲ ಮಾತ್ರ. ಆದರೆ ಹಾಗೆ ಪ್ರವೇಶಿಸಿದಾಗ ಅರ್ಧಕ್ಕೂ ಹೆಚ್ಚು ಸಲ, ಶೇ. 57ರಷ್ಟು, ಪೀಡನೆ ಹತ್ತೇ ಸೆಕೆಂಡುಗಳೊಳಗೆ ನಿಂತಿತು. ಈ ಅಂಕಿಗಳನ್ನು ನಾನು ಮತ್ತೆ ಮತ್ತೆ ನೆನೆಯುತ್ತೇನೆ. ಮಕ್ಕಳ ಕೈಯಲ್ಲಿ ಇಷ್ಟು ಶಕ್ತಿ ಇದೆ, ಬಳಕೆಯಾಗುವುದು ಇಷ್ಟು ಕಡಿಮೆ. ಫಿನ್‌ಲೆಂಡ್ 2009ರಿಂದ ದೇಶದಾದ್ಯಂತ ಹರಡಿದ ‘ಕಿವಾ’ ಕಾರ್ಯಕ್ರಮ ಇದೇ ಜಾಗಕ್ಕೆ ಕೈಹಾಕಿತು. ಸುತ್ತ ನಿಂತ ಮಕ್ಕಳು ನಗುವುದನ್ನು ನಿಲ್ಲಿಸಿದರೆ ಪೀಡಿಸುವವನಿಗೆ ಸಿಗುವ ಮರ್ಯಾದೆ ಕರಗುತ್ತದೆ ಎಂಬುದು ಅದರ ತಿರುಳು. ಕಲ್ಪನಾಶೀಲ ಮಗುವಿನ ಮಟ್ಟಿಗೆ ಇದರ ಅರ್ಥ ಸ್ಪಷ್ಟ. ಅದರ ಕಥೆಯಲ್ಲಿ ನಿನ್ನೆ ಪಾತ್ರ ಮಾಡಿದವರು ಇಂದು ಆ ಕಥೆಯನ್ನು ಯಾರಾದರೂ ಅಣಕಿಸಿದರೆ ನಗುವುದು ಕಷ್ಟ, ಅಣಕಿಸಿದ್ದು ಅವರದೂ ಕಥೆಯನ್ನು.

ಇಲ್ಲಿಗೆ ಕಟ್ಟಳೆಯ ಪ್ರಶ್ನೆ ಬಂತು. ಪೇಲಿ 1992ರ ಪುಸ್ತಕದಲ್ಲಿ ಇನ್ನೂ ದಿಟ್ಟ ಹೆಜ್ಜೆ ಇಟ್ಟರು: ‘ನೀನು ಆಟಕ್ಕೆ ಬೇಡ’ ಎಂದು ಈ ತರಗತಿಯಲ್ಲಿ ಯಾರೂ ಯಾರಿಗೂ ಹೇಳುವಂತಿಲ್ಲ. ಜಾರಿಗೆ ತರುವ ಮೊದಲು ಅವರು ತಮ್ಮ ಮಕ್ಕಳೊಡನೆ ದಿನಗಟ್ಟಲೆ ಚರ್ಚಿಸಿದರು, ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳ ಬಳಿ ಹೋಗಿ ಇದು ನ್ಯಾಯವೇ, ಇದು ನಡೆದೀತೇ ಎಂದು ಕೇಳಿದರು. ದೊಡ್ಡ ಮಕ್ಕಳ ಉತ್ತರ ಮನಕಲಕುವಂಥದು. ನ್ಯಾಯವೇನೋ ಹೌದು, ಆದರೆ ತಮ್ಮ ವಯಸ್ಸಿಗೆ ತಡವಾಯಿತು, ಪುಟ್ಟವರಿದ್ದಾಗಲೇ ಶುರುಮಾಡಬೇಕು ಎಂಬ ಧಾಟಿ ಅದರಲ್ಲಿತ್ತು. ಕಥೆಯ ಪಾತ್ರಗಳನ್ನು ಹಂಚುವಲ್ಲಿಯೂ ಬದಲಾವಣೆಯಾಯಿತು. ಕಥೆ ಹೇಳಿದವನು ತನಗೆ ಬೇಕಾದವರನ್ನೇ ಆರಿಸುವ ಬದಲು, ಸುತ್ತ ಕೂತವರಿಗೆ ಸರದಿಯ ಪ್ರಕಾರ ಪಾತ್ರ ಬರತೊಡಗಿತು.

ಗೆಳೆತನವನ್ನು ಕಟ್ಟಳೆಯಿಂದ ತರಲಾಗದು ಎಂಬ ಆಕ್ಷೇಪ ಸಹಜ. ಅಮಾಂಡಾ ಹ್ಯಾರಿಸ್ಟ್ ಮತ್ತು ಕೆ. ಡೆನಿಸ್ ಬ್ರಾಡ್ಲಿ 2003ರಲ್ಲಿ ಈ ಕಟ್ಟಳೆಯನ್ನು ಕಿಂಡರ್‌ಗಾರ್ಟನ್ ತರಗತಿಗಳಲ್ಲಿ ಪರೀಕ್ಷಿಸಿದರು. ವರ್ಷದ ಕೊನೆಗೆ ಅಲ್ಲಿನ ಮಕ್ಕಳು ಒಬ್ಬರೊಡನೊಬ್ಬರು ಆಡುವುದನ್ನು ಹೋಲಿಕೆಯ ತರಗತಿಗಳವರಿಗಿಂತ ಹೆಚ್ಚು ಇಷ್ಟಪಟ್ಟರು, ಅದೇ ವೇಳೆಗೆ ತಮ್ಮ ಒಡನಾಟದ ಬಗ್ಗೆ ಅವರ ಅಸಮಾಧಾನವೂ ಹೆಚ್ಚಿತು. ಈ ಎರಡನೆಯ ಫಲಿತಾಂಶವನ್ನು ಮುಚ್ಚಿಡುವುದು ಸರಿಯಲ್ಲ. ಹೊರಗಿಡುವುದು ತಪ್ಪು ಎಂದು ಕಲಿತ ಮಗು ಅದುವರೆಗೆ ಹಣೆಬರಹವೆಂದು ಸಹಿಸಿದ್ದನ್ನು ಈಗ ಅನ್ಯಾಯವೆಂದು ಗುರುತಿಸುತ್ತಿರಬಹುದು. ಇನ್ನೂ ಒಂದು ಕಾರಣ ನನಗೆ ತೋರುತ್ತದೆ. ಕಟ್ಟಳೆ ಬಾಗಿಲು ತೆರೆಯುತ್ತದೆ, ಒಳಗೆ ಬಂದವನಿಗೆ ಕೆಲಸ ಕೊಡುವುದಿಲ್ಲ. ನಮ್ಮ ಮಕ್ಕಳ ಆಟಗಳಲ್ಲಿ ಚಿಕ್ಕವರನ್ನೋ ಕೈಲಾಗದವರನ್ನೋ ‘ಆಟಕ್ಕುಂಟು ಲೆಕ್ಕಕ್ಕಿಲ್ಲ’ ಎಂದು ಸೇರಿಸಿಕೊಳ್ಳುವ ರೂಢಿ ಹಳೆಯದು. ಔಟಾದರೂ ಔಟಿಲ್ಲ, ಗೆದ್ದರೂ ಗೆಲುವಿಲ್ಲ. ಚಿಕ್ಕ ತಂಗಿಗೆ ಅದು ಪ್ರೀತಿ. ದಿನವೂ ಅದೇ ಸ್ಥಾನ ಸಿಗುವ ಸಹಪಾಠಿಗೆ ಅದು ಹೊರಗಿರುವುದಕ್ಕಿಂತಲೂ ಕಹಿ. ಆದ್ದರಿಂದ ಕಟ್ಟಳೆ ಮತ್ತು ಕಥೆ ಎರಡೂ ಬೇಕು. ಕಟ್ಟಳೆ ಯಾರನ್ನೂ ಹೊರದಬ್ಬದಂತೆ ನೋಡಿಕೊಳ್ಳುತ್ತದೆ, ಕಥೆ ಒಳಬಂದವರನ್ನು ಲೆಕ್ಕಕ್ಕೆ ಸೇರಿಸುತ್ತದೆ.

ಬಹುಮಾನ ಮತ್ತು ನೀತಿಕಥೆಗಳ ಬಗ್ಗೆ ಎರಡು ಮಾತು ಸಾಕು. ಫೆಲಿಕ್ಸ್ ವಾರ್ನೆಕೆನ್ ಮತ್ತು ಮೈಕಲ್ ಟೊಮಸೆಲ್ಲೊ 2006ರಲ್ಲಿ, ಹದಿನೆಂಟು ತಿಂಗಳ ಕೂಸುಗಳೂ ಕೈಜಾರಿದ ವಸ್ತುವನ್ನು ಅಪರಿಚಿತರಿಗೆ ಎತ್ತಿಕೊಡುತ್ತವೆ ಎಂದು ತೋರಿಸಿದರು. 2008ರಲ್ಲಿ ಅವರೇ, ಸಹಾಯಕ್ಕೆ ಆಟಿಕೆಯ ಬಹುಮಾನ ಕೊಟ್ಟರೆ ಮುಂದಿನ ಸಲ ಸಹಾಯ ಕಡಿಮೆಯಾಗುತ್ತದೆ ಎಂದು ಕಂಡರು. ‘ಈ ವಾರದ ದಯಾಳು ವಿದ್ಯಾರ್ಥಿ’ ಎಂದು ಗೋಡೆಗೆ ನಕ್ಷತ್ರ ಅಂಟಿಸುವ ಶಾಲೆಗಳು ಇದನ್ನು ಯೋಚಿಸಬೇಕು. ನೀತಿಕಥೆಗಳ ವಿಷಯದಲ್ಲಿ, ಟೊರಾಂಟೊದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನ ಪಂಚತಂತ್ರದ ನಾಡಿನವರಾದ ನಮಗೆ ಅಚ್ಚರಿ ತರಬಲ್ಲದು. ಹಂಚಿಕೊಳ್ಳುವ ಕಥೆಯಲ್ಲಿ ಮನುಷ್ಯ ಪಾತ್ರಗಳಿದ್ದಾಗ 4ರಿಂದ 6 ವರ್ಷದ ಮಕ್ಕಳು ಆಮೇಲೆ ತಮ್ಮಲ್ಲಿದ್ದ ಸ್ಟಿಕ್ಕರುಗಳನ್ನು ಹೆಚ್ಚು ಹಂಚಿದರು. ಅದೇ ಕಥೆಯ ಪಾತ್ರಗಳು ಬಟ್ಟೆ ತೊಟ್ಟ ಪ್ರಾಣಿಗಳಾದಾಗ ಹಂಚುವುದು ಹೆಚ್ಚಲಿಲ್ಲ. ಪೇಲಿಯ ಮಕ್ಕಳು ಅಳಿಲಾಗಿ ಆಡಿದ್ದಕ್ಕೂ ಇದಕ್ಕೂ ವಿರೋಧವಿಲ್ಲ. ಒಂದರಲ್ಲಿ ಹಿರಿಯರು ತಯಾರಿಸಿದ ನೀತಿಯನ್ನು ಮಗು ಕೂತು ಕೇಳುತ್ತದೆ, ಇನ್ನೊಂದರಲ್ಲಿ ಪಕ್ಕದವನು ಕಟ್ಟಿದ ಅಳಿಲಿಗೆ ತಾನೇ ಮೈಕೊಡುತ್ತದೆ.

ಗಂಭೀರವಾದ ಆಕ್ಷೇಪ ಬೇರೆ ಇದೆ. ಮಗುವಿನ ಲೋಕವನ್ನು ಹೀಗೆ ಗೌರವಿಸುತ್ತ ಹೋದರೆ, ವೈದ್ಯರ ಗಮನ ಬೇಕಾದ ಮಗುವಿಗೆ ಅದು ತಡವಾಗಿ ಸಿಗುವುದಿಲ್ಲವೇ? ಪೇಲಿ ಜೇಸನ್‌ಗೆ ಯಾವ ಹಣೆಪಟ್ಟಿಯನ್ನೂ ಹಚ್ಚಲು ಒಪ್ಪಲಿಲ್ಲ. ಇಂದಿನ ಓದುಗರಲ್ಲಿ ಅನೇಕರು ಆ ವರ್ಣನೆಯಲ್ಲಿ ಆಟಿಸಂ ಲಕ್ಷಣಗಳನ್ನು ಕಾಣಬಹುದು. ಪುಸ್ತಕದಿಂದ ಯಾರೂ ರೋಗನಿರ್ಣಯ ಮಾಡಲಾರರು, ಮಾಡಲೂಬಾರದು. ಆದರೆ ಪೇಲಿಯ ನಿರಾಕರಣೆಯನ್ನು ನಾನು ಸಾರ್ವತ್ರಿಕ ಸೂತ್ರವಾಗಿ ಒಪ್ಪಲಾರೆ. ಮಾತು ತಡವಾದ, ಯಾವ ಒಡನಾಟವನ್ನೂ ಬಯಸದ, ತನ್ನ ಕಲ್ಪನೆಗೇ ಹೆದರಿ ನಡುಗುವ ಮಗುವಿಗೆ ಪರಿಣತರ ನೆರವು ಬೇಗ ಸಿಗಬೇಕು, ಆ ನೆರವಿಗೆ ಹಲವು ಸಲ ಒಂದು ಹೆಸರು ಬೇಕಾಗುತ್ತದೆ. ಹೆಸರು ತಜ್ಞರ ಕಡತದಲ್ಲಿರಲಿ. ತರಗತಿಯ ಮಕ್ಕಳಿಗೆ ಆ ಮಗು ‘ಹೆಲಿಕಾಪ್ಟರ್ ಬಿಡುವವನು’ ಆಗಿಯೇ ಇರಲಿ. ರೋಗನಿರ್ಣಯ ಆಗಲಿ ಬಿಡಲಿ, ಅದರ ಪಕ್ಕ ಕೂರುವವನಿಗೆ ತಿಳಿಯಬೇಕಾದದ್ದು ಹೆಲಿಕಾಪ್ಟರ್ ಎಲ್ಲಿ ಇಳಿಯುತ್ತದೆ ಎಂಬುದು.

ಹಾಗೆಯೇ, ಯಾವಾಗಲೂ ಉಳಿದ ಮಕ್ಕಳೇ ಏಕೆ ಬಗ್ಗಬೇಕು ಎಂಬ ತಾಯಿತಂದೆಯರ ಮಾತಿನಲ್ಲಿಯೂ ನ್ಯಾಯವಿದೆ. ಒಂದು ಮಗುವಿನ ಕಲ್ಪನೆಗಾಗಿ ಇನ್ನೊಂದು ಮಗುವಿನ ಕಟ್ಟೋಣ ಪದೇ ಪದೇ ಮುರಿಯುವುದಾದರೆ ಅದು ಕರುಣೆಯ ಪಾಠವಲ್ಲ. ಜೇಸನ್‌ನ ತರಗತಿಯಲ್ಲಿ ರಂಗದ ಕಟ್ಟಳೆ ಅವನಿಗೂ ಅನ್ವಯಿಸಿತು. ಅವನೂ ಬೇರೆಯವರ ಕಥೆಯಲ್ಲಿ ಇನ್ನೇನೋ ಆಗಲು ಕಲಿಯಬೇಕಿತ್ತು. ಕಲ್ಪನಾಶೀಲ ಮಗುವಿನಿಂದ ಏನನ್ನೂ ನಿರೀಕ್ಷಿಸದೆ ಬಿಟ್ಟುಬಿಡುವುದೂ ಒಂದು ಬಗೆಯ ಹೊರಗಿಡುವಿಕೆ. ಕನ್ನಡಕ್ಕೂ ಬಂದಿರುವ, ತೆತ್ಸುಕೊ ಕುರೊಯಾನಾಗಿ 1981ರಲ್ಲಿ ಬರೆದ ‘ತೊತ್ತೋ-ಚಾನ್’ ಇದಕ್ಕೆ ಒಳ್ಳೆಯ ಸಾಕ್ಷಿ. ಕಿಟಕಿಯಲ್ಲಿ ನಿಂತು ಬೀದಿಯ ವಾದ್ಯದವರನ್ನು ಕರೆಯುತ್ತಿದ್ದ, ಆ ತಪ್ಪಿಗೇ ಒಂದನೆಯ ತರಗತಿಯಲ್ಲೇ ಶಾಲೆಯಿಂದ ಹೊರಬಿದ್ದ ಹುಡುಗಿ ಆಕೆ. ಟೋಕಿಯೋದ ತೊಮೊಯೆ ಶಾಲೆಯ ಮುಖ್ಯೋಪಾಧ್ಯಾಯ ಸೊಸಾಕು ಕೊಬಾಯಾಶಿ ಮೊದಲ ದಿನವೇ ನಾಲ್ಕು ಗಂಟೆ ಕಾಲ ಆಕೆಯ ಮಾತು ಕೇಳಿದರು. ಅದೇ ಹುಡುಗಿ ಮುಂದೆ ಪೋಲಿಯೊ ಬಾಧಿತ ಸಹಪಾಠಿಯನ್ನು ತನ್ನ ಮರಕ್ಕೆ ಆಹ್ವಾನಿಸಿ, ಏಣಿ ತಂದು, ಬೆವರು ಸುರಿಸಿ ಹತ್ತಿಸಿದಳು. ಮಾತು ಕೇಳಿಸಿಕೊಂಡವರಿಂದ ಕೇಳಿಸಿಕೊಳ್ಳುವುದನ್ನು ಕಲಿತ ಮಗು ಅದು.

ನಮ್ಮ ಶಾಲೆಗಳಿಗೆ ಇದೆಲ್ಲ ದುಬಾರಿ ಎನ್ನುವವರಿದ್ದಾರೆ. ಗುಜರಾತಿನ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಸುಮಾರು ನೂರು ವರ್ಷಗಳ ಹಿಂದೆಯೇ ಕಥೆ, ನಾಟಕಗಳನ್ನು ತರಗತಿಯ ನಡುವಿಗೆ ತಂದರು. ಅವರ ‘ದಿವಾಸ್ವಪ್ನ’ದ ಶಿಕ್ಷಕ ಗದ್ದಲದ ತರಗತಿಯನ್ನು ಗೆಲ್ಲುವುದು ಕಥೆಯಿಂದ. ಕರ್ನಾಟಕದಲ್ಲಿ 1995ರಲ್ಲಿ ಎಚ್.ಡಿ. ಕೋಟೆಯಲ್ಲಿ ಆರಂಭವಾಗಿ ಆಮೇಲೆ ರಾಜ್ಯಕ್ಕೆಲ್ಲ ಹರಡಿದ ನಲಿ-ಕಲಿಯಲ್ಲಿ ಒಂದರಿಂದ ಮೂರನೆಯ ತರಗತಿಯ ಮಕ್ಕಳು ಒಟ್ಟಿಗೆ, ಗುಂಪು ಗುಂಪಾಗಿ ನೆಲದ ಮೇಲೆ ಕೂರುತ್ತಾರೆ. ವೃತ್ತಾಕಾರದ ರಂಗಕ್ಕೆ ಇದಕ್ಕಿಂತ ಸಿದ್ಧವಾದ ಜಾಗ ಬೇಡ. ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ಶಿಕ್ಷೆಯ ಜೊತೆಗೆ ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ‘ಹಗಲುಗನಸುಗಾರ’ ಎಂದು ಎಲ್ಲರೆದುರು ಹೀಯಾಳಿಸುವುದು ಅದರಿಂದ ದೂರವೇನಲ್ಲ. ಮೂವತ್ತು ಮಕ್ಕಳ ತರಗತಿಯಲ್ಲಿ ಎಲ್ಲರ ಕಥೆಯನ್ನೂ ಒಂದೇ ದಿನ ಬರೆದುಕೊಳ್ಳಲಾಗದು, ನಿಜ. ದಿನಕ್ಕೆ ಎರಡು ಕಥೆ ಬರೆದುಕೊಂಡರೂ ಮೂರೇ ವಾರದಲ್ಲಿ ಪ್ರತಿ ಮಗುವಿನ ಸರದಿ ಬರುತ್ತದೆ. ಕೊರತೆ ಇರುವುದು ಹಣದಲ್ಲಲ್ಲ, ಕಥೆಗೆ ಕೊಡುವ ಇಪ್ಪತ್ತು ನಿಮಿಷವನ್ನು ಕಲಿಕೆಯೆಂದು ಲೆಕ್ಕಕ್ಕೆ ಹಿಡಿಯುವ ಮನಸ್ಸಿನಲ್ಲಿ.

ಸರದಿ ಎಂಬುದನ್ನು ನಾನು ಬಿಟ್ಟುಕೊಡಲಾರೆ. ಉಳ್ಳವರ ಮನೆಯ ಮಗು ಕಲ್ಪಿಸಿದರೆ ‘ಪ್ರತಿಭೆ’, ಇಲ್ಲದವರ ಮಗು ಕಲ್ಪಿಸಿದರೆ ‘ಬುರುಡೆ’ ಎನ್ನುವ ಅಳತೆ ನಮ್ಮಲ್ಲಿ ಇನ್ನೂ ಸತ್ತಿಲ್ಲ. ಯಾವ ಕೇರಿಯ ಮಗು ಎಂಬುದನ್ನು ನೋಡಿಯೇ ಅದರ ಕಥೆಗೆ ಕಿವಿಗೊಡುವ ತರಗತಿಗಳಿವೆ. ಶಿಕ್ಷಕರ ಮೆಚ್ಚುಗೆಯಂತೆ ಆರಿಸಿದರೆ ಈ ಅಳತೆಯೇ ರಂಗವನ್ನೂ ಆಳುತ್ತದೆ. ಸರದಿ ಆ ಆಯ್ಕೆಯನ್ನು ಶಿಕ್ಷಕರ ಕೈಯಿಂದಲೂ ಮಕ್ಕಳ ಕೈಯಿಂದಲೂ ತೆಗೆಯುತ್ತದೆ. ಪಕ್ಕದಲ್ಲಿ ಕೂರಲು ಮನೆಯಲ್ಲಿ ಬೇಡವೆಂದು ಹೇಳಿಸಿಕೊಂಡು ಬಂದ ಮಗುವೂ ತನ್ನ ಸರದಿ ಬಂದಾಗ ಆ ಪಕ್ಕದವನ ಕಥೆಯಲ್ಲಿ ಅವನ ಅಣ್ಣನಾಗಿ ನಿಲ್ಲಬೇಕಾಗುತ್ತದೆ.

ದೊಡ್ಡ ಮಕ್ಕಳ ಮಾತು ಉಳಿಯಿತು. ತಮಗೆ ತಡವಾಯಿತು ಎಂದ ಷಿಕಾಗೋದ ಮಕ್ಕಳು ಪೂರ್ತಿ ಸರಿಯಲ್ಲ. ವ್ಯಾಂಕೂವರಿನ 19 ತರಗತಿಗಳ 9ರಿಂದ 11 ವರ್ಷದ ಮಕ್ಕಳ ಮೇಲೆ ಕ್ರಿಸ್ಟಿನ್ ಲೇಯಸ್ ಮತ್ತು ಸಂಗಡಿಗರು ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ನಾಲ್ಕು ವಾರ ವಾರಕ್ಕೆ ಮೂರು ಒಳ್ಳೆಯ ಕೆಲಸ ಮಾಡಿದ ಮಕ್ಕಳನ್ನು ಸಹಪಾಠಿಗಳು ಹೆಚ್ಚು ಒಪ್ಪಿಕೊಳ್ಳತೊಡಗಿದರು. ಹತ್ತು ವರ್ಷದ ಮಗುವೂ ಬದಲಾಗಬಲ್ಲದು, ಅದರ ಬಗ್ಗೆ ಉಳಿದವರ ಮನಸ್ಸೂ ಬದಲಾಗಬಲ್ಲದು. ಆದರೆ ಆ ವಯಸ್ಸಿಗೆ ಕಲ್ಪನೆ ನೆಲದ ಮೇಲಿನ ಆಟದಿಂದ ನೋಟ್‌ಬುಕ್ಕಿನ ಕೊನೆಯ ಹಾಳೆಗಳಿಗೆ ಸರಿದಿರುತ್ತದೆ, ಮಗು ಅದನ್ನು ಯಾರಿಗೂ ತೋರಿಸದೆ ಮುಚ್ಚಿಡಲು ಕಲಿತಿರುತ್ತದೆ. ನಮ್ಮ ಶಾಲೆಗಳಿಗೆ ಪರಿಚಿತವಾದ ಗೋಡೆಪತ್ರಿಕೆಯನ್ನು ಇಲ್ಲಿ ಬಳಸಬಹುದು, ಎರಡು ಕಟ್ಟಳೆಗಳ ಮೇಲೆ. ಚೆಂದದ ಅಕ್ಷರದವರದು, ಜಾಣರದು ಎಂದು ಆರಿಸದೆ ಪ್ರತಿ ಮಗುವಿನ ಬರಹವೂ ಸರದಿಯಂತೆ ಗೋಡೆಗೆ ಬರಬೇಕು. ಒಬ್ಬರ ಕಥೆಗೆ ಚಿತ್ರವನ್ನು ಇನ್ನೊಬ್ಬರೇ ಬರೆಯಬೇಕು, ಕುಂಚ ಹಿಡಿಯುವ ಮೊದಲು ಕಥೆ ಬರೆದವರ ಹತ್ತಿರ ಹೋಗಿ ಆ ಹುಲಿಗೆ ಕೋಪವೋ ಹಸಿವೋ ಎಂದು ಕೇಳಿಕೊಂಡು ಬರಬೇಕು.